ನಡುವೆ ಬಿದ್ದ ಆಮೆನ್

ಕಳೆದ ವಾರ ಕೂಡ್ಲಿಗಿ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತವರ ಸೀರೆಯಿಂದ ನುಸಿಗುಳಿಗೆಯ ವಾಸನೆ ಹೊಡೆಯಿತು. ನಾನು ತಟ್ಟನೆ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ಕೈ ಜೋಡಿಸಿದೆ. ಕಂಡಕ್ಟರ್ ಟಿಕೆಟ್ ಕೇಳಲು ಹಿಂಜರಿದ.

ಆ ವಾಸನೆ ನಮ್ಮ ಪಕ್ಕದ ಮನೆಯ ದೊಡ್ಡಮ್ಮನದು. ಕೊಟ್ಟೂರಿನ ನಮ್ಮ ಪ್ರಾರ್ಥನಾ ಮಂದಿರಕ್ಕೆ ಅವರು ಟ್ರಂಕಿನಲ್ಲಿಟ್ಟ ಬಿಳಿ ಸೀರೆ ಉಟ್ಟೇ ಬರುತ್ತಿದ್ದರು. ಎಂಟು ಮನೆಯವರ ಸಭೆ, ಮೇಲೆ ತಗಡು, ಕೆಳಗೆ ಜಮಖಾನೆ. ಲೋಕಕ್ಕಾಗಿ ಪ್ರಾರ್ಥಿಸುವ ಕೆಲಸ ಪ್ರತಿ ವಾರ ದೊಡ್ಡಮ್ಮನದೇ. ಯುದ್ಧದಲ್ಲಿರುವ ದೇಶಗಳಿಂದ ಹೊರಟು, ಹರಪನಹಳ್ಳಿ ಬಸ್ಸಿನ ಡ್ರೈವರ್, ಪಂಚರ್ ಅಂಗಡಿಯವರ ಮಗಳ ಪರೀಕ್ಷೆ, ಮೈಲಾರ ಜಾತ್ರೆಗೆ ನಡೆದು ಹೋಗುವವರ ಕಾಲಿನ ಬೊಬ್ಬೆ... ಮೂವತ್ತು ನಿಮಿಷ. ಅಷ್ಟರಲ್ಲಿ ತಗಡು ಕಾದು ನಮ್ಮ ತಲೆ ಬೇಯುತ್ತಿತ್ತು.

ಆಗ ನಾನು ಕಾಲೇಜಿನಲ್ಲಿ ಓದುತ್ತಿದ್ದೆ. ಹಾಗೆಂದು ಮನೆಯಲ್ಲಿ ನಂಬಿದ್ದರು. ನನಗೆ ಬರುತ್ತಿದ್ದ ಒಂದೇ ವಿದ್ಯೆ ಬೇರೆಯವರ ದನಿ ತೆಗೆಯುವುದು. ಪಾಸ್ಟರ ಕೆಮ್ಮು, ನಮ್ಮಪ್ಪನ ಗೊರಕೆ, ಎಲ್ಲಕ್ಕಿಂತ ಚೆನ್ನಾಗಿ, ಪ್ರಾರ್ಥನೆ ಮುಗಿದಾಗ ಎಲ್ಲರಿಗಿಂತ ಮೊದಲು ಸಭೆಯ ಹಿರಿಯರೊಬ್ಬರು ಹೇಳುತ್ತಿದ್ದ ‘ಆಮೆನ್’. ಅವರು ಮೊದಲು ಗಂಟಲು ಕೆರೆದು, ಆಮೇಲೆ ಎತ್ತು ಹೂಂಕರಿಸಿದಂತೆ ಎಳೆಯುತ್ತಿದ್ದರು. ನನ್ನ ಸ್ವಂತ ದನಿ ಹೇಗಿದೆಯೆಂದು ಯಾರಿಗೂ ಗೊತ್ತಿರಲಿಲ್ಲ, ಕೇಳಬೇಕೆನ್ನಿಸುವಂಥದ್ದೂ ಅಲ್ಲ.

ಒಂದು ಭಾನುವಾರ ದೊಡ್ಡಮ್ಮನ ಪ್ರಾರ್ಥನೆ ಇನ್ನೂ ನೀಲಗುಂದ ಊರಿನಲ್ಲಿತ್ತು, ನನ್ನ ಹೊಟ್ಟೆ ಆಗಲೇ ಮನೆ ಸೇರಿತ್ತು. ತಲೆ ತಗ್ಗಿಸಿ, ಹಿರಿಯರ ದನಿಯಲ್ಲಿ ‘ಆಮೆನ್’ ಎಂದುಬಿಟ್ಟೆ. ಇಡೀ ಸಭೆ ‘ಆಮೆನ್’ ಎಂದು ಕಣ್ಣು ತೆರೆಯಿತು. ತೂಕಡಿಸುತ್ತಿದ್ದ ಹಿರಿಯರೂ ಎಚ್ಚೆತ್ತು, ತಾವೇ ಅಂದಿರಬೇಕೆಂದು ನಾಚಿಕೊಂಡರು. "ಅಕ್ಕಾರ, ಬಾಯಿತಪ್ಪಿ ಬಂತ್ರಿ" ಎಂದು ಹೊರಗೆ ಅವರು ಎಷ್ಟು ಕೇಳಿಕೊಂಡರೂ ದೊಡ್ಡಮ್ಮ ತಿರುಗಿ ನೋಡಲಿಲ್ಲ.

ನಮ್ಮಲ್ಲೊಂದು ರೂಢಿ. ತಿಂಗಳ ಮೊದಲ ಭಾನುವಾರ ಯೇಸುವಿನ ನೆನಪಿಗೆ ರೊಟ್ಟಿ ಹಂಚಿ ತಿನ್ನುವ ಕರ್ತನ ಭೋಜನ. ಸಭೆಯಲ್ಲಿ ಯಾರ ಮೇಲಾದರೂ ಮುನಿಸಿದ್ದರೆ ರೊಟ್ಟಿಯ ತಟ್ಟೆಯನ್ನು ಮುಂದಕ್ಕೆ ದಾಟಿಸಬೇಕು, ತಿನ್ನುವಂತಿಲ್ಲ. ದೊಡ್ಡಮ್ಮ ದಾಟಿಸಿದರು. ಅವರ ಮುನಿಸಿಗೆ ತಾವೇ ಕಾರಣವೆಂದು ಹಿರಿಯರೂ ದಾಟಿಸಿದರು. ಮಹಾ ನೀತಿವಂತನಾದ ನಾನು ತೆಗೆದುಕೊಂಡು ನುಂಗಿದೆ. ಮೂರು ತಿಂಗಳು ಹೀಗೇ... ನಾಲ್ಕನೆಯ ಸಲ ತಟ್ಟೆ ದಾಟಿಸುವಾಗ ದೊಡ್ಡಮ್ಮನ ಕಣ್ಣಲ್ಲಿ ನೀರಿತ್ತು. ಆ ಸಲ ನಾನೂ ತಟ್ಟೆ ದಾಟಿಸಿದೆ.

ಅಂದೇ ಅವರ ಮನೆಗೆ ಹೋದೆ.

"ದೊಡ್ಡಮ್ಮ, ಆವತ್ತು ಆಮೆನ್ ಅಂದಾಂವ ನಾನು."

"ಸುಳ್ಳು ಹೇಳಬ್ಯಾಡಲೇ. ಅವರ ದನಿ ನಂಗ ಗೊತ್ತಿಲ್ಲೇನು?"

ಗಂಟಲು ಕೆರೆದು, ಎಳೆದು ತೋರಿಸಿದೆ. ಕೈಯಲ್ಲಿದ್ದ ಮೊರದಿಂದ ಬೆನ್ನಿಗೆ ಎರಡು ಬಿಟ್ಟರು. ಆಮೇಲೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ಖರೇ ಹೇಳು. ಭಾಳ ಉದ್ದ ಆಗ್ತಿತ್ತೇನು?"

"ಲೋಕ ದೊಡ್ಡದೈತಲ್ಲ, ದೊಡ್ಡಮ್ಮ."

"ದೊಡ್ಡದೈತಿ ಬಿಡು. ಮಗ್ಗಲದಾಗ ಕುಂತ ಮನಷ್ಯಾನ ಜೋಡಿ ಇಷ್ಟು ತಿಂಗ್ಳು ಒಂದು ಮಾತು ಆಡಲಿಲ್ಲ ನೋಡು ನಾನು. ಏಳು, ನಡಿ."

ಉಟ್ಟ ಹಳೆಯ ಸೀರೆಯಲ್ಲೇ, ನನ್ನ ಕಿವಿ ಹಿಡಿದು ಹಿರಿಯರ ಮನೆಗೆ ನಡೆದರು. ಇಡೀ ಓಣಿ ಬಾಗಿಲಿಗೆ ಬಂತು. ಹಿರಿಯರು ಎಲ್ಲ ಕೇಳಿ ಹಣೆ ಬಡಿದುಕೊಂಡರು. "ಅಯ್ಯೋ ಅಕ್ಕಾರ, ನಿದ್ದಿಗಣ್ಣಾಗ ಮತ್ತ ಏನರ ಅಂದೇನು ಅಂತ ಹೆದರಿ, ಆವತ್ತಿಂದ ಸಭಿಯೊಳಗ ಕಣ್ಣಿಗೆ ಕಣ್ಣು ಹಚ್ಚಿಲ್ರಿ ನಾನು!"

ಮುಂದಿನ ತಿಂಗಳು ಇಬ್ಬರೂ ರೊಟ್ಟಿ ತೆಗೆದುಕೊಂಡರು. ಪ್ರಾರ್ಥನೆ ಮಾತ್ರ ಮೂವತ್ತೈದು ನಿಮಿಷಕ್ಕೆ ಏರಿತು.

ದೊಡ್ಡಮ್ಮ ತೀರಿಕೊಂಡು ಈಗ ಎರಡು ವರ್ಷ. ಲೋಕಕ್ಕಾಗಿ ನಾವೀಗ ಸರದಿಯಂತೆ ಪ್ರಾರ್ಥಿಸುತ್ತೇವೆ, ಐದು ನಿಮಿಷಕ್ಕೆ ಮುಗಿಯುತ್ತದೆ. ಮೊನ್ನೆ ಭಾನುವಾರ ನನ್ನ ಸರದಿ. ಯುದ್ಧ ಎಂದೆ, ಡ್ರೈವರ್ ಎಂದೆ, ನಿಂತುಹೋದೆ. ಪಕ್ಕದಿಂದ ಹಿರಿಯರು ಕಣ್ಣು ತೆರೆಯದೆ ಪಿಸುಗುಟ್ಟಿದರು: "ತೆಲಿಗಿ ಊರಿನ ಸೂಲಗಿತ್ತಿ... ತರಕಾರಿ ಗಾಡಿಯಾಕಿ, ಆಕಿ ಮಂಡಿನೋವು..." ಅವರು ಹೇಳಿಕೊಟ್ಟಂತೆ ನಾನು ಹೇಳುತ್ತ ಹೋದೆ. ಹತ್ತು ನಿಮಿಷವಾದ ಮೇಲೆ ಅವರಿಗೂ ನೆನಪಾಗದಾಯಿತು. ದೊಡ್ಡಮ್ಮ ಹೆಸರು ಹಿಡಿದು ಬೇಡಿಕೊಳ್ಳುತ್ತಿದ್ದ ಮಂದಿ ಇನ್ನೂ ಎಷ್ಟೋ ಇದ್ದರು. ಅವರು ಯಾರೆಂದು ಸಭೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ...