ನಿಂಬೆಕಾಯಿಯ ಮೇಲೆ ಗಾಡಿ ಹಾಯಿಸಲು ಹೋದದ್ದು

ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಬೆಳಿಗ್ಗೆ ಬೀಳಗಿಯಲ್ಲಿ ಮುಧೋಳದ ಬಸ್ಸು ಹತ್ತಿದೆ. ಚೀಲದಲ್ಲಿ ಎರಡು ಸೀರೆ, ಒಂದಿಷ್ಟು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮಂಡಿನೋವಿನ ಎಣ್ಣೆ. ಮಗಳು ಸುನಂದಾ ನಿಲ್ದಾಣದ ತನಕ ಬಂದು, ಅಲ್ಲಿ ಹೋಗಿ ಜಗಳ ತೆಗೆಯಬೇಡ ಎಂದು ದಾರಿಯುದ್ದಕ್ಕೂ ಹೇಳಿದಳು. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಜಗಳಕ್ಕೇ ಹೊರಟವಳು ಸುಳ್ಳು ಮಾತು ಯಾಕೆ ಕೊಡಲಿ?

ಹೊರಡಲು ಕಾರಣ ಬನಹಟ್ಟಿಯಿಂದ ಬಂದ ಒಂದು ಫೋನು. ಅಲ್ಲಿಯ ಲಾರಿ ಮಾಲಕರು, ಡ್ರೈವರರು ಸೇರಿ ಮಾಡಿಕೊಂಡಿರುವ ಸಂಘದ ಕಾರ್ಯದರ್ಶಿ, ದನಿ ಕೇಳಿದರೆ ಇನ್ನೂ ಮೂವತ್ತರ ಒಳಗಿನವ, ಬಹಳ ಮರ್ಯಾದೆಯಿಂದ ಮಾತಾಡಿದ. ಖಂಡೆಪೂಜೆಯ ದಿನ ಹಳೆಯ ಡ್ರೈವರರಿಗೆ ಸನ್ಮಾನ ಇಟ್ಟುಕೊಂಡಿದ್ದೇವೆ, ದಿವಂಗತ ಮಾಳಪ್ಪನವರ ಶಾಲನ್ನು ಅವರ ಧರ್ಮಪತ್ನಿಯಾಗಿ ನೀವು ಸ್ವೀಕರಿಸಬೇಕು ಎಂದ. ಮಾಳಪ್ಪ ನನ್ನ ಗಂಡ. ಅವರು ನಮ್ಮ ಲಾರಿ ಓಡಿಸಿದ್ದು ಐದಾರು ವರ್ಷ. ಕಾಮಾಲೆಯಾಗಿ ತೀರಿಕೊಂಡ ಮೇಲೆ ಅದೇ ಗಾಡಿಯನ್ನು ನಾನು ಇಪ್ಪತ್ತು ವರ್ಷದ ಹತ್ತಿರ ಓಡಿಸಿದೆ. ಡ್ರೈವರ್ ನಾನೂ ಇದ್ದೆನಪ್ಪಾ ಎಂದೆ. ಹುಡುಗ ನಕ್ಕ. ಅಜ್ಜಿ ತಮಾಷೆ ಮಾಡುತ್ತಾಳೆ ಅಂದುಕೊಂಡಿರಬೇಕು. ಅವನು ನಕ್ಕ ಆ ಕ್ಷಣದಲ್ಲೇ ನಾನು ಹೋಗುವುದು ಗಟ್ಟಿಯಾಯಿತು.

ಶಾಲಿನ ಸಂಕಟ ಸಣ್ಣದು. ನಾನು ಹೊರಟದ್ದು ಬೇರೆಯದಕ್ಕೆ. ಖಂಡೆಪೂಜೆಯ ದಿನ ಗಾಡಿ ತೊಳೆದು, ಹೂವಿನ ಹಾರ ಹಾಕಿ, ಗಾಲಿಗಳ ಮುಂದೆ ಒಂದೊಂದು ನಿಂಬೆಕಾಯಿ ಇಡುತ್ತಾರೆ. ಡ್ರೈವರ್ ಹತ್ತಿ ಅವುಗಳ ಮೇಲೆ ಗಾಡಿ ಹಾಯಿಸಬೇಕು. ಆ ವರ್ಷದ ದೃಷ್ಟಿ, ಕಂಟಕ ಎಲ್ಲ ಅಲ್ಲಿಗೆ ಹೋಯಿತು ಎಂದು ಲೆಕ್ಕ. ವರ್ಷವಿಡೀ ಗಾಡಿ ಓಡಿಸುತ್ತಿದ್ದ ನನ್ನನ್ನು ಆ ಒಂದು ದಿನ ಮಾತ್ರ ಕೆಳಗೆ ಇಳಿಸುತ್ತಿದ್ದರು. ಗಂಡ ಸತ್ತವಳು ಪೂಜೆಯ ಗಾಡಿ ಮುಟ್ಟಬಾರದಂತೆ. ಮೈದುನ ಸಿದ್ದಪ್ಪ, ಟ್ರ್ಯಾಕ್ಟರ್ ಬಿಟ್ಟರೆ ಬೇರೇನೂ ಓಡಿಸದವನು, ಬಂದು ನನ್ನ ಸೀಟಿನಲ್ಲಿ ಕೂರುತ್ತಿದ್ದ. ನಾನು ಬೇವಿನ ಗಿಡದ ಹತ್ತಿರ ದೂರ ನಿಂತು ನಿಂಬೆಕಾಯಿ ಚಟ್ಟೆಂದು ಒಡೆಯುವುದನ್ನು ಕೇಳುತ್ತಿದ್ದೆ. ಮರುದಿನ ಬೆಳಿಗ್ಗೆ ಅದೇ ಗಾಡಿಗೆ ಇಚಲಕರಂಜಿಯ ನೂಲು ತರಲು ಮತ್ತೆ ನಾನೇ ಬೇಕಾಗುತ್ತಿದ್ದೆ.

ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಹೆಂಗಸರಿಗೆಲ್ಲ ಈಗ ಬಿಟ್ಟಿ ಪ್ರಯಾಣ. ಡ್ರೈವರನ ಹಿಂದಿನ ಸೀಟಿನಲ್ಲಿ ಕೂತೆ. ಅವನು ಗೇರು ತಡವಾಗಿ ಬದಲಿಸುತ್ತಿದ್ದ, ಏರು ಬಂದಾಗಲೆಲ್ಲ ಇಂಜಿನ್ನು ಏದುಸಿರು ಬಿಡುತ್ತಿತ್ತು. ನನ್ನ ಎಡಗಾಲು ತಾನಾಗಿಯೇ ಕ್ಲಚ್ಚು ಒತ್ತಲು ಹೋಗಿ ಚೀಲಕ್ಕೆ ತಾಗುತ್ತಿತ್ತು. ಬಾಯಿ ಮುಚ್ಚಿಕೊಂಡು ಕೂತೆ. ಸುತ್ತಲಿನವರ ಮಾತೆಲ್ಲ ಕೃಷ್ಣೆಯ ಹಿನ್ನೀರು ಈ ಸಲ ಯಾರ ಹೊಲದ ತನಕ ಬಂತು ಎಂಬುದೇ ಆಗಿತ್ತು. ಹಿಂದಿನ ವಾರದ ಮಳೆಗೆ ರಸ್ತೆಯಲ್ಲಿ ತಗ್ಗುಗಳು ಬಿದ್ದಿದ್ದವು.

ಮುಧೋಳ ಹತ್ತಿರವಾದಂತೆ ಎರಡೂ ಕಡೆ ಕಬ್ಬು. ಕಟಾವು ಇನ್ನೂ ಶುರುವಾಗಿರಲಿಲ್ಲ. ನಾನು ಗಾಡಿ ಕಲಿತದ್ದು ಇಂಥ ಕಬ್ಬಿನ ಹೊಲದಲ್ಲೇ. ಕಡಿದ ಕಬ್ಬನ್ನು ಹೊರೆ ಕಟ್ಟಿ, ಹಲಗೆ ಏರಿ ಲಾರಿಗೆ ತುಂಬುವಾಗ ಗಾಡಿಯನ್ನು ಸಾಲಿನುದ್ದಕ್ಕೂ ಸ್ವಲ್ಪ ಸ್ವಲ್ಪವೇ ಮುಂದೆ ಒಯ್ಯುತ್ತಿರಬೇಕು. ರಾತ್ರಿಯಿಡೀ ಕಾರ್ಖಾನೆಯ ಮುಂದೆ ಸರದಿಯಲ್ಲಿ ಕಾದು ಬಂದ ನಮ್ಮವರಿಗೆ ಹಗಲು ನಿದ್ದೆ ಬೇಕು. ಊಟ ಒಯ್ದ ನನ್ನನ್ನು ಸೀಟಿಗೆ ಕೂರಿಸಿ, ಕ್ಲಚ್ಚು ಇದು, ಬ್ರೇಕು ಇದು ಎಂದು ತೋರಿಸಿ, ಗಾಡಿಯ ನೆರಳಿನಲ್ಲೇ ಮಲಗಿಬಿಡುತ್ತಿದ್ದರು. ಗಾಡಿ ಸರಿದಂತೆ ನೆರಳೂ ಸರಿಯುತ್ತಿತ್ತು, ಬಿಸಿಲು ತಾಗಿ ಎದ್ದು ಬೈಯುತ್ತಿದ್ದರು. ಹಾಗೆ ಬೈಸಿಕೊಂಡು ಕಲಿತ ವಿದ್ಯೆ ಅದು. ಅವರು ಹೋದ ಮೇಲೆ ಊರೆಲ್ಲ ಗಾಡಿ ಮಾರು ಅಂದಿತು. ನಾನು ವಿಜಯಪುರಕ್ಕೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡು ಬಂದೆ.

ಮುಧೋಳದಲ್ಲಿ ಇಳಿದು ಇಮಾಮಸಾಬನ ಟಾಯರ್ ಅಂಗಡಿಗೆ ಹೋದೆ. ನಾನು ಲಾರಿ ಹಿಡಿದ ಹೊಸದರಲ್ಲಿ ಧಾಬಾದಲ್ಲಿ ನನ್ನ ಮುಂದೆ ಕೂತು ಊಟ ಮಾಡಿದ ಮೊದಲ ಡ್ರೈವರ್ ಅವನು. ಉಳಿದವರು ನನ್ನನ್ನು ಕಂಡರೆ ತಟ್ಟೆ ಎತ್ತಿಕೊಂಡು ಬೇರೆ ಹಗ್ಗದ ಹೊರಸು ಹುಡುಕಿ ಕೂರುತ್ತಿದ್ದರು. ಈಗ ಅಂಗಡಿ ಮಗನದು, ಇಮಾಮಸಾಬ ಹಳೆಯ ಟಾಯರುಗಳ ಮೇಲೆ ಕೂತು ಬಂದವರ ಗಾಳಿ ಒತ್ತಡದ ಬಗ್ಗೆ ಟೀಕೆ ಮಾಡುತ್ತಾನೆ. ಅವನಿಗೂ ನಾಳೆ ಶಾಲು. ಚಹಾ, ಮಿರ್ಚಿ ಭಜಿ ತರಿಸಿದ. ಸಂಘದವರೊಬ್ಬರು ಹೊಸ ಲಾರಿ ಕೊಂಡಿದ್ದಾರಂತೆ, ಬಂದ ಡ್ರೈವರರಲ್ಲಿ ಎಲ್ಲರಿಗಿಂತ ಹಿರಿಯನ ಕೈಯಿಂದ ನಿಂಬೆಕಾಯಿ ಹಾಯಿಸಬೇಕೆಂದು ಮಾಡಿದ್ದಾರಂತೆ.

"ನನಗ ಹೇಳ್ಯಾರ ತಂಗಿ," ಎಂದ. "ನಮಾಜಿಗೇ ಈ ಮೊಳಕಾಲು ಮಣಿಯವಲ್ವು, ಗಾಡಿ ಹತ್ತತಾವೇನು? ನನ್ನ ಪಾಳಿ ನೀ ತಗೊ."

ನಾನು ಬೇಡ ಎಂದೆ. ಇಮಾಮಸಾಬ ಹಾಯಿಸಬಹುದು, ಅದಕ್ಕೆ ಯಾರ ತಕರಾರೂ ಇಲ್ಲ, ಇರಲೂಬಾರದು. ಆದರೆ ಅವನಿಗೆ ಆಗುವುದು ನನಗೆ ಯಾಕೆ ಆಗುವುದಿಲ್ಲ? ಒಬ್ಬರು ಬಿಟ್ಟುಕೊಟ್ಟ ಪಾಳಿ ನನಗೆ ಬೇಕಿರಲಿಲ್ಲ.

"ಕೊಟ್ಟರ ತಗೊಳ್ಳೂದಲ್ಲ, ಇಮಾಮಣ್ಣ. ನಂದು ನನಗ ಬೇಕು," ಎಂದೆ. ಅವನು ತಲೆ ಅಲ್ಲಾಡಿಸಿ, ಭಜಿ ಆರುತ್ತದೆ ತಿನ್ನು ಎಂದ.

ಮಧ್ಯಾಹ್ನದ ಬಸ್ಸಿಗೆ ಜಮಖಂಡಿ. ಬಿಸಿಲು ಚುರುಚುರು ಅನ್ನುತ್ತಿತ್ತು. ಅಂಗಡಿಗಳ ಮುಂದೆ ಕುಂಬಳಕಾಯಿ, ಚೆಂಡುಹೂವಿನ ರಾಶಿ. ನಿಂಬೆಕಾಯಿ ಮಾರುವವಳೊಬ್ಬಳು ಹತ್ತು ರೂಪಾಯಿಗೆ ಎರಡು ಎಂದಳು, ಹಬ್ಬ ಅಂದರೆ ಹಾಗೆಯೇ. ನಾಲ್ಕು ಕೊಂಡು ಚೀಲಕ್ಕೆ ಹಾಕಿದೆ. ಅಲ್ಲಿ ಅವರು ಇಟ್ಟೇ ಇರುತ್ತಾರೆ ಎಂದು ಗೊತ್ತಿತ್ತು, ಆದರೂ ಕೊಂಡೆ. ಟಂಟಂ ರಿಕ್ಷಾ ಹತ್ತಿ ಹುನ್ನೂರಕ್ಕೆ ಹೋದೆ. ಅದೇ ನಮ್ಮ ಗಂಡನ ಮನೆಯ ಊರು, ಸಿದ್ದಪ್ಪ ಅಲ್ಲೇ ಇದ್ದಾನೆ.

ಸಿದ್ದಪ್ಪ ಕೆಟ್ಟವನಲ್ಲ. ನಾನು ದೂರದ ಬಾಡಿಗೆಗೆ ಹೋದಾಗ ಸುನಂದಾ ಬೆಳೆದದ್ದು ಅವನ ಮನೆಯಲ್ಲೇ. ಸಂಜೆ ಅವನ ಹೆಂಡತಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಚೀಲದಿಂದ ನಿಂಬೆಕಾಯಿ ಉರುಳಿ ಅವನ ತಟ್ಟೆಯ ಹತ್ತಿರ ಹೋಯಿತು. ಅದನ್ನು ನೋಡಿದ, ನನ್ನನ್ನು ನೋಡಿದ, ಎಲ್ಲ ತಿಳಿಯಿತು.

"ವೈನಿ, ಶಾಲು ಹೊಚ್ಚಿಸ್ತಾರ, ಹೊಚ್ಚಿಸಿಕೊಂಡು ಬರ್ರಿ. ಲಿಂಬಿಕಾಯಿ ಮಾತು ಅಲ್ಲಿ ತಗೀಬ್ಯಾಡ್ರಿ," ಎಂದ. "ಮಂದಿ ಹೊಸಾ ಗಾಡಿ ಐತಿ. ನಾಳೆ ಏನರ ಆದ್ರ ನಿಮ್ಮ ಹೆಸರಿಗೆ ಬರತೈತಿ."

"ನಾ ಓಡಿಸಿದಷ್ಟು ವರ್ಷ ನಮ್ಮ ಗಾಡಿಗೆ ಏನರ ಆತೇನು, ಸಿದ್ದಪ್ಪ?"

ಅವನು ಇನ್ನೊಂದು ರೊಟ್ಟಿ ಮುರಿದ. ಏನೂ ಆಗಿರಲಿಲ್ಲ ಎಂದು ಅವನಿಗೆ ಗೊತ್ತು. ಆಗಿಲ್ಲದ್ದು ತಾನು ನಿಂಬೆಕಾಯಿ ಹಾಯಿಸಿದ್ದಕ್ಕೆ ಎಂದು ಅವನ ನಂಬಿಕೆ, ನಾನು ಕಣ್ಣು ಬಿಟ್ಟುಕೊಂಡು ಓಡಿಸಿದ್ದಕ್ಕೆ ಎಂದು ನನ್ನದು. ಈ ವಾದ ನಮ್ಮಿಬ್ಬರ ನಡುವೆ ಮುಗಿಯುವಂಥದ್ದಲ್ಲ. ನಾಳೆ ನಾನೂ ಬರುತ್ತೇನೆ ಎಂದ. ತಡೆಯಲು ಬರುತ್ತಾನೋ ನೋಡಲು ಬರುತ್ತಾನೋ ನಾನು ಕೇಳಲಿಲ್ಲ.

ಬೆಳಿಗ್ಗೆ ಓಣಿಯ ಬೀರಪ್ಪನ ಗುಡಿಗೆ ಹೋಗಿ ಹಣೆತುಂಬ ಭಂಡಾರ, ದೇವರ ಅರಿಸಿನ, ಹಚ್ಚಿಕೊಂಡೆ. ಕುಂಕುಮ ನನಗಿಲ್ಲ ಎಂದು ಜನ ಎಂದೋ ತೀರ್ಮಾನಿಸಿದ್ದಾರೆ. ಬೀರಪ್ಪನ ಭಂಡಾರವನ್ನು ಇವಳಿಗೆ ಕೊಡು, ಅವಳಿಗೆ ಬೇಡ ಎಂದು ಇದುವರೆಗೆ ಯಾರೂ ಹೇಳಿಲ್ಲ. ಗಾಡಿ ಓಡಿಸುವಾಗ ಉಡುತ್ತಿದ್ದ ಹಾಗೆ ಇಳಕಲ್ ಸೀರೆಗೆ ಗಂಡುಗಚ್ಚೆ ಹಾಕಿದೆ. ಸಿದ್ದಪ್ಪ ನೋಡಿಯೂ ನೋಡದಂತೆ ಮುಂದೆ ನಡೆದ. ಜಮಖಂಡಿಗೆ ಬಂದು ಬನಹಟ್ಟಿಯ ಬಸ್ಸು ಹಿಡಿದೆವು. ನನಗೆ ಮತ್ತೆ ಸೊನ್ನೆ ರೂಪಾಯಿ, ಸಿದ್ದಪ್ಪನಿಗೆ ಪೂರ್ತಿ ಟಿಕೆಟ್. ಆ ಹೊತ್ತಿಗೆ ಅದೊಂದು ಸಣ್ಣ ಖುಷಿ.

ರಬಕವಿ, ಬನಹಟ್ಟಿಯಲ್ಲಿ ಯಾವ ಓಣಿಗೆ ಹೊಕ್ಕರೂ ಮಗ್ಗದ ಸದ್ದು. ನೂಲಿನ ಬೇಲು ಇಳಿಸಿ ಗಾಡಿಯಲ್ಲೇ ಮಲಗಿದಾಗ ಆ ಸದ್ದಿಗೇ ನನಗೆ ನಿದ್ದೆ ಹತ್ತುತ್ತಿತ್ತು. ಅಂದು ಮಗ್ಗಗಳಿಗೂ ಪೂಜೆ, ಎಲ್ಲ ನಿಂತಿದ್ದವು. ಊರು ಗುರುತೇ ಸಿಗದಷ್ಟು ಮೌನವಾಗಿತ್ತು.

ಸಂಘದ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಒಂದು ಬದಿಗೆ ಹೊಸ ಲಾರಿ, ಮುಂದೆ ಬಾಳೆಕಂಬ, ಗಾಲಿಗಳ ಬಳಿ ನಿಂಬೆಕಾಯಿ. ಇಮಾಮಸಾಬ ಮೊದಲ ಸಾಲಿನಲ್ಲಿ ಇದ್ದ. ಒಬ್ಬೊಬ್ಬರನ್ನೇ ಕರೆದು ಶಾಲು ಹೊದಿಸಿದರು. ನಮ್ಮವರ ಹೆಸರು ಕರೆದಾಗ ವೇದಿಕೆ ಹತ್ತಿದೆ. ಕಾರ್ಯದರ್ಶಿ ಹುಡುಗ ಶಾಲು ಬಿಚ್ಚಿ ನನ್ನ ಹೆಗಲಿಗೆ ತಂದ. ನಾನು ಅದನ್ನು ಹೆಗಲಿಗೆ ಬೀಳಗೊಡದೆ ಕೈಯಲ್ಲಿ ತೆಗೆದುಕೊಂಡೆ.

"ಇದು ಅವರದು. ಒಯ್ದು ಅವರ ಫೋಟೊಕ್ಕ ಹಾಕ್ತೇನಿ," ಎಂದೆ. "ಡ್ರೈವರ್ ಲಕ್ಕವ್ವನ ಶಾಲು ಎಲ್ಲೈತಿ?"

ಮೈಕು ಹತ್ತಿರವೇ ಇತ್ತು, ಮಾತು ಮೈದಾನಕ್ಕೆಲ್ಲ ಕೇಳಿತು. ಕೆಲವರು ನಕ್ಕರು. ಆದರೆ ಮೊದಲ ಸಾಲಿನ ಮುದುಕರು ನಗಲಿಲ್ಲ. ಧಾಬಾದಲ್ಲಿ ತಟ್ಟೆ ಎತ್ತಿಕೊಂಡು ಹೋಗುತ್ತಿದ್ದ ಒಬ್ಬಾತನೇ, ಆಕೆ ಓಡಿಸಿದ್ದು ಖರೆ ಎಂದ. ಹುಡುಗ ಕೆಂಪಾದ. ತಪ್ಪಾಯಿತು ಎಂದು ಮೈಕಿನಲ್ಲೇ ಹೇಳಿ, ಅತಿಥಿಗಳಿಗೆಂದು ಇಟ್ಟಿದ್ದ ಒಂದು ಶಾಲು ತರಿಸಿ, ಡ್ರೈವರ್ ಲಕ್ಕವ್ವ ಎಂದು ಕೂಗಿ ಹೊದಿಸಿದ. ಅವನ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು.

ಆಮೇಲೆ ಇಮಾಮಸಾಬನನ್ನು ಲಾರಿಯ ಹತ್ತಿರ ಕರೆದರು. ಅವನು ಎರಡೂ ಕೈಯಿಂದ ಮಂಡಿ ಹಿಡಿದುಕೊಂಡು ಕುರ್ಚಿಯಲ್ಲೇ ಕೂತ. ನಾನು ಎದ್ದು ಲಾರಿಯ ಕಡೆ ನಡೆದೆ. ಯಾರೋ ಬ್ಯಾಡ, ಬ್ಯಾಡ ಎಂದರು. ಲಾರಿಯ ಮಾಲಕ, ನಲವತ್ತರ ಆಸುಪಾಸಿನವ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲಿಗೆ ಅಡ್ಡ ಬಂದ. ಹೊಸ ಗಾಡಿ ಐತ್ರಿ ಅಮ್ಮಾರ ಎಂದಷ್ಟೇ ಹೇಳಿ ನಿಲ್ಲಿಸಿದ.

"ಗಾಡಿ ನಿಂದು. ನೀ ಬ್ಯಾಡ ಅಂದ್ರ ನಾ ಹೊಳ್ಳಿ ಹೋಗ್ತೇನಿ," ಎಂದೆ. "ಆದ್ರ ಯಾಕ ಬ್ಯಾಡ ಅನ್ನೂದನ್ನ ನನ್ನ ಮಾರಿ ನೋಡಿ ಹೇಳು."

ಅವನು ನನ್ನ ಮುಖ ನೋಡಲಿಲ್ಲ. ಅವನ ಕಣ್ಣು ಶಾಮಿಯಾನದ ಕಂಬದ ಕಡೆ ಹೋಯಿತು. ಅಲ್ಲಿ ಅವನ ತಾಯಿ, ಬರಿ ಹಣೆ, ತಲೆತುಂಬ ಸೆರಗು, ಆರತಿಯ ತಟ್ಟೆಯಿಂದ ದೂರ ನಿಂತಿದ್ದಳು. ಅವಳು ಅಷ್ಟು ದೂರ ಯಾಕೆ ನಿಂತಿದ್ದಾಳೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗನಿಗೂ ಅದು ಆ ಕ್ಷಣಕ್ಕೇ ಕಂಡಿರಬೇಕು. ಬಾಗಿಲಿನಿಂದ ಪಕ್ಕಕ್ಕೆ ಸರಿದು, ಕೀಲಿಯನ್ನು ನನ್ನ ಕೈಗೆ ಕೊಟ್ಟ.

ಹತ್ತುವಾಗ ಮಂಡಿ ಕಿರುಗುಟ್ಟಿದ್ದು ನಿಜ. ಸೀಟಿನಲ್ಲಿ ಕೂತ ಮೇಲೆ ನೋವು ಗೊತ್ತಾಗಲಿಲ್ಲ. ನನ್ನ ಚೀಲದ ನಿಂಬೆಕಾಯಿಗಳನ್ನೂ ಇಡಿ ಎಂದು ಕೊಟ್ಟಿದ್ದೆ, ಸಿದ್ದಪ್ಪನೇ ಬಗ್ಗಿ ಗಾಲಿಗೊಂದರಂತೆ ಇಟ್ಟ. ಇಂಜಿನ್ನು ಶುರು ಮಾಡಿ ಕ್ಲಚ್ಚು ಬಿಟ್ಟೆ. ಗಾಡಿ ಸರಿಯಿತು. ನಾನು ಕಿವಿಗೊಟ್ಟು ಕಾದೆ. ಏನೂ ಕೇಳಿಸಲಿಲ್ಲ. ಇಂಜಿನ್ನಿನ ಸದ್ದಿನಲ್ಲಿ ಚಟ್ಟೆಂಬುದು ಇಲ್ಲ, ಗಾಲಿ ಏರಿದ್ದೂ ಇಳಿದದ್ದೂ ತಿಳಿಯಲಿಲ್ಲ. ಬೇವಿನ ಗಿಡದ ಕೆಳಗೆ ನಿಂತು ಅಷ್ಟು ವರ್ಷ ಕೇಳಿದ ಸದ್ದು ಆ ಸೀಟಿನಲ್ಲಿ ಕೂತವನಿಗೆ ಗೊತ್ತೇ ಆಗುವುದಿಲ್ಲ.

ನಿಂಬೆಕಾಯಿ ದಾಟಿದ ಮೇಲೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಎರಡನೆಯ ಗೇರು ಹಾಕಿ ಮೈದಾನವನ್ನು ಒಂದು ಸುತ್ತು ಹಾಕಿದೆ. ನಮ್ಮ ಗಾಡಿಯ ಸ್ಟೇರಿಂಗು ತಿರುಗಿಸಲು ಇಡೀ ಮೈ ಬಗ್ಗಿಸಬೇಕಿತ್ತು, ಇದು ಒಂದು ಕೈಗೇ ತಿರುಗಿತು. ಬಾಳೆಕಂಬದ ನಡುವೆ ರಿವರ್ಸ್ ತಂದು ಮೊದಲು ಇದ್ದಲ್ಲೇ ನಿಲ್ಲಿಸಿ ಇಳಿದೆ. ಇಮಾಮಸಾಬ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ, ಅವನ ಮಂಡಿಗೆ ಏನೂ ಆದಂತೆ ಕಾಣಲಿಲ್ಲ.

ಊಟದ ಪಂಕ್ತಿಯಲ್ಲಿ ಸಿದ್ದಪ್ಪ ನನ್ನ ಪಕ್ಕ ಕೂತ. ಹುಗ್ಗಿಯನ್ನು ಕಲಸುತ್ತಲೇ ಇದ್ದ, ತಿನ್ನುತ್ತಿರಲಿಲ್ಲ.

"ಒಳಗ ಹ್ಯಾಂಗನಿಸ್ತು, ವೈನಿ?" ಎಂದ.

"ಏನೂ ಅನಿಸಂಗಿಲ್ಲ. ನಿನಗ ಗೊತ್ತಿತ್ತಲ್ಲ," ಎಂದೆ. "ಇಷ್ಟು ವರ್ಷ ನನಗ ಯಾಕ ಹೇಳಲಿಲ್ಲ?"

ಸಿದ್ದಪ್ಪ ಹುಗ್ಗಿ ಕಲಸುವುದನ್ನು ಬಿಟ್ಟ. ತನ್ನ ಎಲೆಯ ಹಪ್ಪಳ ತೆಗೆದು ನನ್ನ ಎಲೆಗೆ ಹಾಕಿದ. ನಾನು ತಿಂದೆ.

ಸಂಜೆ ಮುಧೋಳದ ಕಡೆಯ ಬಸ್ಸು ಸಿಕ್ಕಿತು. ಇಮಾಮಸಾಬ ಹತ್ತಿದ ಕೂಡಲೇ ನಿದ್ದೆ ಹೋದ. ಬಸ್ಸು ಸಂಘದ ಮೈದಾನದ ಮುಂದೆ ಹಾಯುವಾಗ ಕಿಟಕಿಯಿಂದ ತಿರುಗಿ ನೋಡಿದೆ. ಜನ ಕರಗಿದ್ದರು, ಶಾಮಿಯಾನ ಬಿಚ್ಚುತ್ತಿದ್ದರು. ಮಾಲಕನ ತಾಯಿ ಕಂಬದ ಹತ್ತಿರ ಇರಲಿಲ್ಲ. ಲಾರಿಯ ಮುಂದೆ ನಿಂತು, ಕೈ ಎತ್ತಿ, ಓರೆಯಾದ ಹೂವಿನ ಹಾರವನ್ನು ನೆಟ್ಟಗೆ ಮಾಡುತ್ತಿದ್ದಳು. ಯಾರೂ ಅವಳನ್ನು ತಡೆಯಲಿಲ್ಲ.