ಎಲ್ಲರ ಹಿಂದೆ ನಡೆದವರು

ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಕಾಕಾ ಆಗ ತಮ್ಮ ಗಡಿಯಾರ ನೋಡಿಕೊಂಡರು, ಅದಕ್ಕೇ ಹೊತ್ತು ಅಷ್ಟು ಖಚಿತವಾಗಿ ನೆನಪಿದೆ. ಅವರು ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ, ನಾಡಿ ಬಡಿಯುವ ಕಡೆ ಕಟ್ಟುತ್ತಿದ್ದರು. ಬಿಸಿಲಿಗೆ ಸುಟ್ಟ ಕೈಯಲ್ಲಿ ಪಟ್ಟಿಯ ಅಡಿಯ ಚರ್ಮ ಮಾತ್ರ ಹಸುಗೂಸಿನದರಂತೆ ಬೆಳ್ಳಗಿತ್ತು. ಹೊತ್ತು ನೋಡಬೇಕಾದರೆ ಏನನ್ನೋ ಬೇಡುವವರಂತೆ ಅಂಗೈಯನ್ನು ಆಕಾಶಕ್ಕೆ ತಿರುಗಿಸಬೇಕು. ಅಂದೂ ಹಾಗೆ ತಿರುಗಿಸಿದರು. ಆಮೇಲೆ ನದಿ ನೋಡಿದರು.

"ಮುಂಜಾನಿ ತಿಳಿ ಇತ್ತಲ್ಲ. ನೀರು ಯಾಕ ಕೆಂಪಾಗ್ಲಿಕತ್ತದ?"

ಕಾಗಿಣಾ ನದಿಯ ನಡುವಿನ ಹಾಸುಬಂಡೆಯ ಮೇಲೆ ನಾವು ನಾಲ್ವರು ಕೂತಿದ್ದೆವು. ನಮ್ಮ ಚಿತ್ತಾಪುರದ ಕಡೆಯದು ಕರಿಮಣ್ಣು. ಕೆಂಪು ನೀರೆಂದರೆ ಅದು ಮೇಲಿನದು, ಚಿಂಚೋಳಿ, ಕುಂಚಾವರಂ ಅಡವಿಯ ಕಡೆ ಸುರಿದದ್ದು. ಇದೆಲ್ಲ ನನಗೆ ಈಗ ಗೊತ್ತು. ಆಗ ನನ್ನ ಕೈಯಲ್ಲಿ ಅರ್ಧ ರೊಟ್ಟಿ ಇತ್ತು.

ವಾಡಿಯಲ್ಲಿ ಕಾಕಾನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಹಿಂದೆ ಸರಿಯುವ ಹಳಿ ನೋಡುತ್ತ ಆಯುಷ್ಯ ಕಳೆದವರಿಗೆ ಮುಂದೆ ನಡೆಯುವ ರೂಢಿಯೇ ತಪ್ಪಿಹೋಗಿತ್ತು. ಆಟೋದಲ್ಲಿ ಹಿಂದಿನ ಹಲಗೆಯ ಮೇಲೆ ರಸ್ತೆಗೆ ಮುಖ ಮಾಡಿ ಕೂಡುತ್ತಿದ್ದರು. ಮದುವೆಗಳಲ್ಲಿ ಕೊನೆಯ ಪಂಕ್ತಿಗೆ ಉಂಡು, ಸಾರು ಆರಿತ್ತೆಂದು ಮನೆಗೆ ಬಂದು ಕಾಕಿಯ ಮುಂದೆ ಗೊಣಗುತ್ತಿದ್ದರು. "ಹಂಗಾದ್ರ ಮೊದಲನೇ ಪಂಕ್ತಿಗಿ ಕುಂದರ್ರಿ, ಯಾರು ಬ್ಯಾಡಂದಾರ?" ಎಂದು ಕಾಕಿ ಬೈದರೆ ನಗುತ್ತಿದ್ದರು. "ಗಾಡಿ ಹೊಂಟದ್ದು ಡ್ರೈವರ್ ನೋಡ್ತಾನ. ಗಾಡಿ ಪೂರಾ ಬಂತೋ ಇಲ್ಲೋ ಅನ್ನೋದು ಗಾರ್ಡ್ ನೋಡ್ತಾನ." ಈ ಮಾತನ್ನು ಅವರು ಎಷ್ಟು ಸಲ ಹೇಳಿದ್ದರೆಂದರೆ ಓಣಿಯ ಹುಡುಗರು ಅವರು ಬಾಯಿ ತೆರೆಯುವ ಮೊದಲೇ ಹೇಳಿ ಮುಗಿಸುತ್ತಿದ್ದರು.

ನಡಿಗೆಯ ಹುಚ್ಚು ಹಚ್ಚಿದವಳು ರೇಷ್ಮಾ. ಅವಳದು ಶಹಾಬಾದಿನಲ್ಲಿ ಔಷಧಿ ಅಂಗಡಿ. ಸೇಡಂನಲ್ಲಿ ಶಾಲೆ ಕಲಿಸುವ ಮಹಾದೇವಿ, ಅವಳು, ನಾನು, ಮೂವರೂ ಕಾಲೇಜಿನ ಗೆಳತಿಯರು. ಬೆನ್ನಿಗೆ ಚೀಲ ಹಾಕಿಕೊಂಡು ಕೆರಿಬಿಯನ್ ಸಮುದ್ರದ ದಂಡೆಗುಂಟ ನಡೆಯುವ ಹುಡುಗಿಯರ ವಿಡಿಯೋಗಳನ್ನು ರೇಷ್ಮಾ ದಿನಾ ಕಳಿಸುತ್ತಿದ್ದಳು. ತೆಂಗಿನ ಸಾಲು, ನೀಲಿ ನೀರು, ಬರಿಗಾಲು. "ನಮಗ ಸಮುದ್ರ ಎಲ್ಲಿಂದ ತರಾದು?" ಎಂದು ಮಹಾದೇವಿ ಕೇಳಿದಾಗ ರೇಷ್ಮಾ, "ಕಾಗಿಣಾ ಅದಲ್ಲ, ಸಾಕಾಗಲ್ಲೇನು ನಿನಗ?" ಎಂದಿದ್ದಳು. ಮಳಖೇಡದಿಂದ ಹೊರಟು, ದಂಡೋತಿಯಲ್ಲಿ ಮಹಾದೇವಿಯ ಸೋದರಮಾವನ ಮನೆಯಲ್ಲಿ ಉಳಿದು, ಶಹಾಬಾದಿನ ತನಕ ಹೊಳೆದಂಡೆ ಹಿಡಿದು ನಡೆಯುವುದೆಂದಾಯಿತು. ಮೂರೂ ಮನೆಯವರು ಒಪ್ಪಿದ್ದು ಕಾಕಾ ಜೊತೆಗೆ ಬರುತ್ತಾರೆಂಬ ಒಂದೇ ಕಾರಣಕ್ಕೆ.

ಮೊದಲ ದಿನ ಅವರನ್ನು ನಾವು ಕಾಡಿದ್ದೇ ಕಾಡಿದ್ದು. "ಕಾಕಾ, ನಿಮ್ಮದು ಗೂಡ್ಸ್, ನಮ್ಮದು ಎಕ್ಸ್‌ಪ್ರೆಸ್. ಜಲ್ದಿ ಬರ್ರಿ," ಎಂದು ರೇಷ್ಮಾ ಕೂಗಿದರೆ, "ಎಕ್ಸ್‌ಪ್ರೆಸ್ಸಿಗೂ ಹಿಂದೊಬ್ಬ ಗಾರ್ಡ್ ಇರ್ತಾನ ಬೇಟಾ," ಎಂದು ಅಷ್ಟೇ ನಿಧಾನವಾಗಿ ಬರುತ್ತಿದ್ದರು.

ಎರಡನೆಯ ದಿನ ದಂಡೆಯ ಮೇಲೆ ನಡೆಯಲು ಆಗಲಿಲ್ಲ. ಹಿಂದಿನ ವಾರದ ಮಳೆಗೆ ಎರೆಮಣ್ಣು ಇನ್ನೂ ಹಸಿಯಾಗಿತ್ತು. ಒಂದೊಂದು ಹೆಜ್ಜೆಗೂ ಬೂಟಿಗೆ ಮುದ್ದೆಮುದ್ದೆಯಾಗಿ ಮೆತ್ತಿ ಕಾಲು ಎತ್ತಲಾಗದಂತೆ ಮಾಡುತ್ತಿತ್ತು. ಕೆಳಗೆ ನದಿಯ ಪಾತ್ರ ಮಾತ್ರ ಬಹುಪಾಲು ಒಣಗಿ, ಹಾಸಿಟ್ಟ ಪರಸಿಕಲ್ಲಿನ ಚಪ್ಪಡಿಯಂತೆ ಮಟ್ಟಸವಾಗಿತ್ತು. ನಮ್ಮ ಕಡೆ ಹುಟ್ಟಿದವರು ನಡೆಯಲು ಕಲಿಯುವುದೇ ಪರಸಿಕಲ್ಲಿನ ನೆಲದ ಮೇಲೆ. ಅಡುಗೆಮನೆ, ಪಡಸಾಲೆ, ಅಂಗಳ ಎಲ್ಲ ಅದೇ ಕಲ್ಲು. ಆ ಕಲ್ಲು ಕಂಡರೆ ಮನೆಯೊಳಗೆ ಬಂದೆವೆಂದೇ ಕಾಲಿಗೆ ಅನಿಸುತ್ತದೆ. ನಾವು ಇಳಿದೆವು. ಎಮ್ಮೆ ಮೈತೊಳೆಸುತ್ತಿದ್ದ ಮುದುಕಿಯೊಬ್ಬಳು ದಂಡೆಯಿಂದಲೇ ಕೂಗಿದಳು. "ಮ್ಯಾಲ ಕಡಿ ಕರ‍್ರಗ ಆಗ್ಯಾದ ನೋಡ್ರೆವ್ವಾ."

"ಮ್ಯಾಲೆ ಹತ್ತಮು ಕಾಕಾ," ಎಂದಳು ಮಹಾದೇವಿ.

ಕಾಕಾ ನೆತ್ತಿಯ ಮೇಲಿನ ಆಕಾಶ ನೋಡಿದರು. ಅಲ್ಲಿ ಒಂದು ಮೋಡವೂ ಇರಲಿಲ್ಲ. ಅವರಿಗೆ ಮೊಣಕಾಲು ನೋವಿತ್ತು, ಹೇಳಿಕೊಂಡಿರಲಿಲ್ಲ. "ಹತ್ತು ಮಿನಿಟ್ ಕುಂದರಮು. ರೊಟ್ಟಿ ತಿನ್ರಿ, ಬೂಟು ಒಣಗಲಿ." ಆ ಬಂಡೆ ಆರಿಸಿದವರು ಅವರೇ. ಇದನ್ನು ಮುಚ್ಚಿಟ್ಟರೆ ಅವರೇ ಬೈದಾರು.

ಬರುವಾಗ ಬಂಡೆಗೂ ದಂಡೆಗೂ ನಡುವೆ ಹಿಮ್ಮಡಿ ಮುಳುಗುವಷ್ಟು ನೀರಿತ್ತು. ಕಾಕಾ ಗಡಿಯಾರ ನೋಡಿ ಎದ್ದು ನಿಲ್ಲುವಷ್ಟರಲ್ಲಿ ಅದು ಮೊಣಕಾಲಿನಷ್ಟಾಗಿತ್ತು. ಸದ್ದಿರಲಿಲ್ಲ. ಹೊಳೆ ಬಂದರೆ ಮೊರೆಯುತ್ತದೆಂದು ಕೇಳಿದ್ದೆ. ಇದು ಮನೆಯ ನೆಲದ ಮೇಲೆ ಕೊಡ ಉರುಳಿದಂತೆ ಸುಮ್ಮನೆ ಹರಡಿಕೊಂಡು ಬಂತು. ಮೇಲೆ ಜೋಳದ ದಂಟು, ಯಾರದೋ ಚಪ್ಪಲಿ, ಬುಡಸಮೇತ ಕಿತ್ತ ಜಾಲಿಕಂಟಿ.

"ಏಳ್ರಿ. ಒಬ್ಬರ ಚೀಲದ ಪಟ್ಟಿ ಒಬ್ಬರು ಹಿಡೀರಿ. ರೇಷ್ಮಾ ಮುಂದ."

"ಕಾಕಾ, ನೀವು ನಡು ಬರ್ರಿ," ಮಹಾದೇವಿ ಅಳುತ್ತಿದ್ದಳು.

"ಗಾಡಿ ನಡು ಗಾರ್ಡ್ ಕುಂದರ್ತಾನೇನವ್ವಾ? ನಡಿ. ಹಿಂದ ನೋಡಬ್ಯಾಡ್ರಿ. ಹಿಂದ ನೋಡಾದು ನನ್ನ ಕೆಲಸ."

ರೇಷ್ಮಾ, ನಾನು, ಮಹಾದೇವಿ, ಕಾಕಾ. ನಡುಗಾಲುವೆಯಲ್ಲಿ ನೀರು ಸೊಂಟ ದಾಟಿತು. ಆಗ ಇಡೀ ಸಾಲು ಗಕ್ಕನೆ ನಿಂತಿತು. ಹಿಂದಿನಿಂದ ಎಂಥ ಜಗ್ಗು ಬಂತೆಂದರೆ ನನ್ನ ಪಾದ ಕಲ್ಲಿನ ಮೇಲೆ ಜಾರತೊಡಗಿತು. ರೇಷ್ಮಾ ದಂಡೆಯ ಜಾಲಿಯ ಕೊಂಬೆಯನ್ನು ಮುಳ್ಳಿನ ಸಮೇತ ಹಿಡಿದಿದ್ದಳು, ಅದು ಬಾಗುತ್ತಿತ್ತು. ಹಿಂದೆ ಏನಾಗಿದೆಯೆಂದು ನನಗೆ ಕಾಣಲಿಲ್ಲ. ನೋಡಬೇಡಿ ಎಂದಿದ್ದರಲ್ಲ. ಆಮೇಲೆ ಮಹಾದೇವಿಯ ದನಿ ಕೇಳಿತು. ಇಂದಿಗೂ ನನ್ನನ್ನು ಎಬ್ಬಿಸುವುದು ಆ ದನಿಯೇ, ಅದರಲ್ಲಿ ಸಮಾಧಾನವಿತ್ತು.

"ಹಗುರಾತು. ನೀರು ಇಳೀಲಿಕತ್ತದ, ನಡೀರಿ."

ನೀರು ಇಳಿದಿರಲಿಲ್ಲ. ದಂಡೆ ಹತ್ತಿ ತಿರುಗಿದಾಗ ಮಹಾದೇವಿಯ ಚೀಲದ ಹಿಂದೆ ಯಾರೂ ಇರಲಿಲ್ಲ. ನಾವು ಕೂತಿದ್ದ ಬಂಡೆಯೂ ಇರಲಿಲ್ಲ.

ಮಾರನೆಯ ದಿನ ಶಹಾಬಾದಿನ ಕಡೆ ಮೀನು ಹಿಡಿಯುವವರಿಗೆ ಅವರು ಸಿಕ್ಕರು. ಬಲಗಾಲಿನ ಹರಡಿನ ಸುತ್ತ ಚರ್ಮ ಸುಲಿದಿತ್ತು. ಎರಡು ಹಾಸುಗಲ್ಲುಗಳ ಸೀಳಿನಲ್ಲಿ ಕಾಲು ಸಿಕ್ಕಿರಬೇಕೆಂದು ಡಾಕ್ಟರು ಹೇಳಿದರು. ವಾಡಿಯಲ್ಲಿ ಜನ ಎರಡು ಮಾತಾಡಿದರು. ಹುಡುಗಿಯರಿಗೆ ಹೊಳೆಯಲ್ಲಿ ಏನು ಕೆಲಸವಿತ್ತು ಎಂಬುದು ಒಂದು. ವಯಸ್ಸಾದ ಮನುಷ್ಯ, ಕೈ ಸೋತು ಬಿಟ್ಟುಬಿಟ್ಟ ಎಂಬುದು ಇನ್ನೊಂದು. ಎರಡನೆಯದು ಸುಳ್ಳು. ಹಗುರಾಗುವ ಮೊದಲು ಮಹಾದೇವಿಯ ಬೆನ್ನನ್ನು ಯಾರೋ ಎರಡು ಸಲ ತಟ್ಟಿದ್ದರು, ಮಗುವನ್ನು ಶಾಲೆಯೊಳಗೆ ಕಳಿಸುವಾಗ ತಟ್ಟಿದಂತೆ. ಕಾಲು ಸಿಕ್ಕ ಮನುಷ್ಯ ಇನ್ನೊಂದು ಗಳಿಗೆ ಪಟ್ಟಿ ಹಿಡಿದಿದ್ದರೆ ಆ ಕೊಂಬೆ ಮುರಿಯುತ್ತಿತ್ತು. ಅವರು ತಾವಾಗಿಯೇ ಬಿಟ್ಟರು.

ಇದನ್ನು ಕಾಕಿಗೆ ಹೇಳಲು ಮೂವರೂ ಹೋದೆವು. ಅವರು ಅಕ್ಕಿ ಹಸನು ಮಾಡುತ್ತಿದ್ದರು. ಪೂರ್ತಿ ಕೇಳಿ, ಮೊರದಲ್ಲಿದ್ದ ಅಕ್ಕಿಯನ್ನೇ ನೋಡುತ್ತ, "ತಟ್ಟಿದರೇನು?" ಎಂದು ಮಹಾದೇವಿಯನ್ನು ಮತ್ತೊಮ್ಮೆ ಕೇಳಿದರು.

"ಹೂಂ ಕಾಕಿ. ಎರಡು ಸಲ."

ಮೊರವನ್ನು ಪಕ್ಕಕ್ಕಿಟ್ಟು, "ನಿಮಗ ನಿದ್ದಿ ಬರ್ತದೇನವ್ವಾ?" ಎಂದರು.

"ಇಲ್ಲ ಕಾಕಿ."

"ನನಗೂ ಬರಂಗಿಲ್ಲ. ಅವರು ಡ್ಯೂಟಿಗಿ ಹೋದಾಗ ಪೂರಾ ರಾತ್ರಿ ನಾ ಎಂದೂ ಮಲಗಿಲ್ಲ, ಚಿಲಕದ ಸಪ್ಪಳ ಕೇಳಾತನ ಕಣ್ಣೇ ಮುಚ್ಚತಿದ್ದಿಲ್ಲ. ಈಗ ಯಾವ ಸಪ್ಪಳ ಕೇಳಲಿ? ಇಲ್ಲೇ ಬರ್ರಿ. ಕೂಡೇ ಎಚ್ಚರಿರಮು."

ಹಾಗೆ ಶನಿವಾರಗಳಂದು ರೇಷ್ಮಾ, ಮಹಾದೇವಿ ವಾಡಿಗೆ ಬರತೊಡಗಿದರು. ಕಾಕಿಯ ಪಡಸಾಲೆಯಲ್ಲಿ ಸಾಲಾಗಿ ಹಾಸಿಗೆ. ಪರಸಿ ನೆಲ ಬೆನ್ನಿಗೆ ತಣ್ಣಗೆ ತಾಗಿದರೆ ನಾನು ಎದ್ದು ಕೂಡುತ್ತಿದ್ದೆ, ಒದ್ದೆಯಾಗಿದೆಯೇ ಎಂದು ಕೈಯಾಡಿಸುತ್ತಿದ್ದೆ. ಪಕ್ಕದಲ್ಲಿ ಮತ್ತೊಂದು ಕೈ ಅದನ್ನೇ ಮಾಡುತ್ತಿರುತ್ತಿತ್ತು.

ಎಳ್ಳ ಅಮಾವಾಸ್ಯೆಗೆ ಕಾಕಿ ನಮ್ಮನ್ನು ನಾಲವಾರದ ತಮ್ಮ ಅಣ್ಣನ ಹೊಲಕ್ಕೆ ಕರೆದೊಯ್ದರು. ಸಜ್ಜಿರೊಟ್ಟಿ, ಭಜ್ಜಿ, ಅಂಬಲಿ. ಬಿಳಿಜೋಳ ಎದೆಯೆತ್ತರ ನಿಂತಿತ್ತು. ಪೈರಿಗೆ ನೈವೇದ್ಯದ ಚರಗ ಚೆಲ್ಲುವಾಗ ಕಾಕಿ ಯಾರ ಹೆಸರನ್ನೂ ಹೇಳಲಿಲ್ಲ. ಬಿಸಿಲಲ್ಲಿ ತಿರುಗಿ, ಹೊಟ್ಟೆ ಬಿರಿಯ ಉಂಡು, ಸಂಜೆಯ ಗಾಡಿಗೆ ವಾಡಿಗೆ ಬಂದು ಹಾಸಿಗೆಗೆ ಬಿದ್ದದ್ದಷ್ಟೇ ಗೊತ್ತು.

ಕಣ್ಣು ಬಿಟ್ಟಾಗ ಬಿಸಿಲು ಒಳಗೆ ಬಂದಿತ್ತು. ರೇಷ್ಮಾ, ಮಹಾದೇವಿ ಎದ್ದು ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬಾಗಿಲಲ್ಲಿ ಹಾಲಿನವ, "ಕಾಕಿ ಇಲ್ಲೇನ್ರಿ?" ಎಂದು ಕೂಗಿದ. ನಾನು ಪಾತ್ರೆ ಹಿಡಿದು ಓಡಿಹೋಗಿ, ಮೆಲ್ಲಗೆ ಮಾತಾಡು ಎಂದೆ. ಕಾಕಿ ಗೋಡೆಗೆ ಮುಖ ಮಾಡಿ, ಬಾಯಿ ಅರೆ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ ಇನ್ನೂ ಮಲಗಿದ್ದರು.