ಎರಡನೇ ಪಂಕ್ತಿಗೆ ಮೊದಲು ಹಾಕಿದ ಬೀಗ

ಕೂಗು ನನಗೆ ಕೇಳಿಸಿತ್ತು. ಕೇಳಿಸಿಯೂ ನಾನು ಏಳಲಿಲ್ಲ. ಊಟದ ಹಾಲ್‌ನ ಬಾಗಿಲಿನ ಬೀಗದ ಕೈ ನನ್ನ ಕಿಸೆಯಲ್ಲಿತ್ತು. ಮೆಟ್ಟಿಲಿನಲ್ಲಿ ನನ್ನ ಅಕ್ಕ ಜನರ ಅಡಿಯಲ್ಲಿ ಸಿಕ್ಕಿಬಿದ್ದಿದ್ದಳು. ನಾನು ಅಡುಗೆ ಶೆಡ್ಡಿನಲ್ಲಿ ಕುಳಿತು ಚಾ ಮುಗಿಸಿದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮೂಡುಬಿದಿರೆ ಕಡೆಯ ಒಂದು ಮದುವೆ ಹಾಲ್‌ನಲ್ಲಿ ಕುರ್ಚಿ ಹಾಕುವುದರಿಂದ ಹಿಡಿದು ಬಾಗಿಲು ಕಾಯುವವರೆಗೆ ಎಲ್ಲ ಕೆಲಸ ಮಾಡುತ್ತಿದ್ದೆ. ಅಲ್ಲಿ ಊಟ ನೆಲಮಾಳಿಗೆಯಲ್ಲಿ. ಮೇಲಿನಿಂದ ಇಳಿಯಲು ಒಂದು ಮೆಟ್ಟಿಲು, ಅದರ ಬುಡದಲ್ಲಿ ಒಂದು ಬಾಗಿಲು. ಉಂಡವರು ಹೊರಗೆ ಹೋಗಲು ಕೈ ತೊಳೆಯುವ ಕಡೆ ಇನ್ನೊಂದು.

ನಮ್ಮ ಊರಿನ ಮದುವೆಯೂಟ ನೋಡಿದವರಿಗೆ ಗೊತ್ತು. ಒಬ್ಬ ಉಣ್ಣುತ್ತಿರುವಾಗಲೇ ಇನ್ನೊಬ್ಬ ಬಂದು ಅವನ ಕುರ್ಚಿಯ ಬೆನ್ನು ಹಿಡಿದು ನಿಲ್ಲುತ್ತಾನೆ. ಹಿಂದೆ ಆಳು ನಿಂತಿದ್ದರೆ ಪಾಯಸ ಗಂಟಲಲ್ಲಿ ಇಳಿಯುವುದಿಲ್ಲ. ಹಾಗೆ ಒಬ್ಬರು ಮುದುಕರು ಅರ್ಧ ಊಟದಲ್ಲಿ ಎದ್ದುಹೋದ ಮೇಲೆ ಹಾಲ್‌ನ ಯಜಮಾನರು ಒಂದು ಕ್ರಮ ಮಾಡಿದರು. ಒಂದು ಪಂಕ್ತಿ ಎದ್ದು ಎಲೆ ತೆಗೆದು ಮೇಜು ಒರೆಸುವವರೆಗೆ ಎರಡೂ ಬಾಗಿಲು ಬಂದ್. ಮೆಟ್ಟಿಲಿನದ್ದಕ್ಕೆ ಬಡಿಸುವವರು ಒಳಗಿನಿಂದ ಚಿಲಕ ಹಾಕಬೇಕು. ಕೈ ತೊಳೆಯುವ ಕಡೆಯದ್ದಕ್ಕೆ ನಾನು ಹೊರಗಿನಿಂದ ಬೀಗ ಹಾಕಿ ಅಲ್ಲಿಯೇ ನಿಲ್ಲಬೇಕು, ಉಂಡವರು ಹೊರಡುವಾಗ ತೆಗೆದು ಅವರು ಹೋದ ಮೇಲೆ ಮತ್ತೆ ಹಾಕಬೇಕು. ಬೀಗ ಹಾಕುವುದು ಒಂದು ದಿನವೂ ತಪ್ಪಲಿಲ್ಲ. ನಿಲ್ಲುವುದನ್ನು ನಾನು ಯಾವಾಗಲೋ ಬಿಟ್ಟಿದ್ದೆ.

ಆ ದಿನದ ಮದುಮಗಳು ಬೆಳುವಾಯಿಯಲ್ಲಿ ಅಕ್ಕನ ನೆರೆಮನೆಯವಳು. ಅವಳ ರವಿಕೆ ಹೊಲಿದದ್ದು ಅಕ್ಕನೇ. ಬೆಳ್ತಂಗಡಿಯಿಂದ ಗಂಡಿನ ಕಡೆಯವರು ಎರಡು ಬಸ್ಸಿನಲ್ಲಿ ಬಂದಿಳಿದಾಗ ಅಕ್ಕ ನನ್ನನ್ನು ಹುಡುಕಿಕೊಂಡು ಬಂದಳು. ನಾವು ಮನೆಯಲ್ಲಿ ಆಡುವುದು ತುಳು, ಅವಳು ಹೇಳಿದ್ದು ಹೆಚ್ಚುಕಡಿಮೆ ಹೀಗೆ: "ಅಲ್ಲ ಮಾರಾಯ, ಇಷ್ಟು ಜನ ಉಂಟು. ಎರಡೂ ಬಾಗಿಲು ಹಾಕಿದ್ರೆ ಒಳಗಿದ್ದವರು ಎಲ್ಲಿಂದ ಬರುವುದು?"

"ನೀನು ಹೊಲಿಗೆ ನೋಡಿಕೋ ಅಕ್ಕ, ಬಾಗಿಲು ನಾನು ನೋಡ್ತೇನೆ" ಅಂದೆ. ಅವಳು ನಕ್ಕಳು.

ಮೊದಲ ಪಂಕ್ತಿ ಎದ್ದಿತು. ಕೊನೆಯವರು ಕೈ ತೊಳೆದು ಹೋದ ಮೇಲೆ ಬೀಗ ಹಾಕಿ ಶೆಡ್ಡಿಗೆ ಹೋದೆ. ಅಷ್ಟರಲ್ಲಿ ಮಳೆ ಬಂತು. ಅಂಗಳದಲ್ಲಿ ನಿಂತವರೆಲ್ಲ ಒಮ್ಮೆಲೇ ಒಳಗೆ ಓಡಿ ಮೆಟ್ಟಿಲು ತುಂಬಿಕೊಂಡರು. ಕೆಳಗಿನ ಬಾಗಿಲು ತೆರೆಯುವುದು ಮೆಟ್ಟಿಲಿನ ಕಡೆಗೆ. ಒಳಗಿದ್ದ ಬಡಿಸುವವರು ಚಿಲಕ ತೆಗೆದು ದೂಡಿದರೂ ಜನರ ಭಾರಕ್ಕೆ ಅದು ಅಲುಗಲಿಲ್ಲ. ಸುತ್ತಿ ಹೋಗಿ ಮೇಲಿನವರನ್ನು ಹಿಂದೆ ಸರಿಸುವ ಅಂದರೆ ಇನ್ನೊಂದು ಬಾಗಿಲಿಗೆ ನನ್ನ ಬೀಗ. ಅವರು ಅದನ್ನು ಬಡಿದರು, ನನ್ನನ್ನು ಕರೆದರು. ಎಲ್ಲ ಮದುವೆಯಲ್ಲಿಯೂ ಎರಡನೇ ಪಂಕ್ತಿಗೆ ಇಂಥ ಗಲಾಟೆ ಇದ್ದದ್ದೇ ಅಂದುಕೊಂಡೆ. ಲೋಟ ಖಾಲಿ ಮಾಡಿದ ಮೇಲೆ ಎದ್ದು ಹೋಗಿ ಬೀಗ ತೆಗೆದೆ.

ಅಕ್ಕ ಎಲ್ಲರಿಗಿಂತ ಕೆಳಗಿನ ಮೆಟ್ಟಿಲಿನಲ್ಲಿದ್ದಳು. ಭಾವನ ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ, ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ತಲೆ ತಿರುಗುತ್ತದೆ. ಅದಕ್ಕೇ ಅವರನ್ನು ಕರೆದುಕೊಂಡು ಮುಂದೆ ಹೋಗಿ ನಿಂತಿದ್ದಳು. ಮೇಲಿನವರು ಜಾರಿ ಬೀಳುವಾಗ ಅಕ್ಕ ಅವರನ್ನು ಮೂಲೆಗೆ ಒತ್ತಿ ಮೈ ಅಡ್ಡ ಕೊಟ್ಟಳಂತೆ. ಅವರಿಗೆ ಏನೂ ಆಗಲಿಲ್ಲ. ಅಕ್ಕನ ಎರಡು ಪಕ್ಕೆಲುಬು ಮುರಿದವು. ಬಲಗೈ ಬಾಗಿಲಿನ ಹಿಡಿಗೂ ಜನರಿಗೂ ನಡುವೆ ಜಜ್ಜಿಹೋಯಿತು. ಮಂಗಳೂರಿನಲ್ಲಿ ಆಪರೇಷನ್ ಮಾಡಿ ಕೈ ಉಳಿಸಿದರು. ಆದರೆ ಬೆರಳು ಮಡಚಲಿಕ್ಕೆ ಬರುವುದಿಲ್ಲ. ಕತ್ತರಿ ಹಿಡಿಯಲು ಆಗದವಳು ಹೊಲಿಯುವುದು ಹೇಗೆ? ಹೊಲಿಗೆ ಮೆಷಿನಿನ ಮೇಲೆ ಈಗ ಮಡಚಿದ ಬಟ್ಟೆ ಇಡುತ್ತಾಳೆ.

ಬೀಗ ಇತ್ತಾ ಎಂದು ಯಜಮಾನರು ಕೇಳಿದರು. ತೆಗೆದಿತ್ತು, ನೂಕುನುಗ್ಗಲಿನಲ್ಲಿ ಯಾರಿಗೂ ಆ ಕಡೆ ಹೋಗಲು ತೋಚಲಿಲ್ಲ ಎಂದೆ. ಬಡಿಸುವವರಿಗೆ ಸತ್ಯ ಗೊತ್ತಿತ್ತು. ಆದರೆ ಚಿಲಕ ಹಾಕಿದ್ದು ಅವರಾದ್ದರಿಂದ ಅವರೂ ಬಾಯಿ ಬಿಡಲಿಲ್ಲ. ಆಮೇಲೆ ತಪ್ಪೆಲ್ಲ ಜನರದ್ದಾಯಿತು. ಜನರು ಅದನ್ನು ಅಕ್ಕನ ಮೇಲೆ ಹಾಕಿದರು. ಎಲ್ಲರಿಗಿಂತ ಮುಂದೆ ಇದ್ದವಳು ಅವಳಲ್ಲವೇ. ಚಿಕ್ಕಮ್ಮ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊಟಕ್ಕೆ ಓಡಿ ಕೈ ಕಳಕೊಂಡವಳು ಎಂಬ ಹೆಸರು ಬಂತು. ನಾನು ಆ ಕೆಲಸ ಬಿಟ್ಟು ವಿಟ್ಲದ ಒಂದು ಅಡಿಕೆ ಅಂಗಡಿಗೆ ಸೇರಿದೆ. ಅಲ್ಲಿಗೂ ಆ ಮಾತು ಬಂತು. ಪಾಯಸ ಮುಗಿದೀತು ಅಂತ ಹಾರಿದ್ದಂತೆ ಎಂದು ಒಬ್ಬ ಹೇಳಿದಾಗ, ಅವಳು ನನ್ನ ಅಕ್ಕ ಎನ್ನದೆ ಗೋಣಿಯ ಬಾಯಿ ಕಟ್ಟುತ್ತ ಕುಳಿತೆ.

ಅಕ್ಕ ಮದುವೆ ಮುಂಜಿಗೆ ಹೋಗುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದಳು. ಹೋದರೂ ಉಣ್ಣದೆ ಬರುತ್ತಿದ್ದಳು.

ಮೂರು ವರ್ಷದ ಮೇಲೆ, ಹೋದ ತಿಂಗಳು, ಅವಳದೇ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೊರಗಿನ ಚಾವಡಿಯಲ್ಲಿ ಎಲೆ ಹಾಕಿದ್ದರು. ಎಲ್ಲರ ಒತ್ತಾಯಕ್ಕೆ ಅಕ್ಕ ಒಂದು ಎಲೆಯ ಮುಂದೆ ಕುಳಿತು, ಬಟ್ಟೆ ಹಾಸಿದ ತೊಡೆಯ ಮೇಲೆ ಬಲಗೈ ಇಟ್ಟು, ಎಡಗೈಯಲ್ಲಿ ಚಮಚ ಹಿಡಿದಳು. ಭಾವನ ಕಡೆಯ ಸಂಬಂಧಿಕರೊಬ್ಬರು ತಮಾಷೆಗೆ ಹೇಳಿದರು: "ನಿಧಾನ ಮಾರಾಯ್ತಿ, ಇಲ್ಲಿ ಬಾಗಿಲೂ ಇಲ್ಲ, ಪಾಯಸವೂ ಬೇಕಾದಷ್ಟು ಉಂಟು."

ನಾಲ್ಕೈದು ಜನ ನಕ್ಕರು. ಅಕ್ಕನೂ ನಕ್ಕಳು. ನಕ್ಕು ಚಮಚ ಕೆಳಗಿಟ್ಟು, ಹಸಿವಿಲ್ಲ ಎಂದು ಎದ್ದಳು.

ನಾನು ಸಾರಿನ ಪಾತ್ರೆ ಹಿಡಿದು ಬಡಿಸುತ್ತಿದ್ದೆ. ಪಾತ್ರೆಯನ್ನು ನೆಲದ ಮೇಲಿಟ್ಟೆ. ಅವಳು ಒಳಗೆ ಹೋಗುವ ಮೊದಲು, ಉಣ್ಣುತ್ತಿದ್ದವರೆಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಅಕ್ಕ ಊಟಕ್ಕೆ ಓಡಿದ್ದಲ್ಲ. ಆಚೆ ಬಾಗಿಲಿಗೆ ಬೀಗ ಹಾಕಿ ಹೋದದ್ದು ನಾನು. ಒಳಗಿದ್ದವರು ಕರೆದದ್ದು ಕೇಳಿತ್ತು, ನಾನು ಚಾ ಕುಡೀತಾ ಕೂತಿದ್ದೆ. ಆಮೇಲೆ ಬೀಗ ತೆಗೆದೇ ಇತ್ತು ಅಂತ ಸುಳ್ಳು ಹೇಳಿದೆ. ನಿನ್ನ ಕೈ ಹೋದದ್ದು ನನ್ನಿಂದ, ಹೆಸರು ಹೋದದ್ದೂ ನನ್ನಿಂದ. ತಪ್ಪಾಯ್ತು ಅಕ್ಕ."